ತಗಡಣ್ಣನ ಗಾಡಿಗೆ ಹೊಸ ಹಿಂಗಾಲು

ತಗಡಣ್ಣನ ಬಲಗಿವಿ ಕೈಕೊಟ್ಟು ಎಷ್ಟೋ ಕಾಲವಾಗಿತ್ತು. ಜಜ್ಜಿಹೋದ ಕಾರುಗಳ ಬಾಗಿಲು, ಬಾನೆಟ್ಟುಗಳನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಮೊದಲಿನ ಆಕಾರಕ್ಕೆ ತರುವುದು ಅವನ ಕಸುಬು. ಸುತ್ತಿಗೆ ಬಲಗೈಯಲ್ಲಿ, ಹಾಗಾಗಿ ಸದ್ದಿನ ಪಾಲೆಲ್ಲ ಬಲಗಿವಿಗೆ. ಎಡಗಿವಿ ಒಂದಿಷ್ಟು ಉಳಿದುಕೊಂಡಿತ್ತು. ಡಾಕ್ಟರು ಕೊಟ್ಟ ಕಿವಿಯ ಮೆಷಿನ್ನು ಶೆಡ್ಡಿನ ಗದ್ದಲವನ್ನೂ ದುಪ್ಪಟ್ಟು ಮಾಡಿ ತಲೆ ತಿನ್ನುತ್ತದೆಂದು ಅದನ್ನು ಕಿತ್ತು ಡ್ರಾಯರಿಗೆ ಎಸೆದವನು ಮತ್ತೆ ಅದರ ಮುಖ ನೋಡಿರಲಿಲ್ಲ.

ಇಂಥವನ ಜೊತೆ ಸಂಸಾರ ಮಾಡುವ ಹೆಂಡತಿ ಮನೆಯಲ್ಲಿ ಮಾತಾಡುವುದನ್ನೇ ಕಡಿಮೆ ಮಾಡಿದ್ದಳು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ, ಕೊನೆಗೆ ಗಂಟಲು ಹರಿಯುವ ಹಾಗೆ ಕೂಗಿ, ಕೂಗಿದ್ದಕ್ಕೆ "ಯಾಕೆ ಹಿಂಗೆ ಮೈಮೇಲೆ ಬರ್ತೀಯ?" ಎಂದು ಅನ್ನಿಸಿಕೊಳ್ಳುವುದು ಯಾರಿಗೆ ಬೇಕಾಗಿದೆ? ಅವರಿಬ್ಬರ ಮಾತುಕತೆ ಏನಿದ್ದರೂ ಕಾರಿನಲ್ಲಿ. ಸ್ಟೀರಿಂಗು ಬಲಕ್ಕೆ, ಅವಳ ಸೀಟು ಎಡಕ್ಕೆ, ಅವನ ಒಳ್ಳೆಯ ಕಿವಿಯ ಪಕ್ಕದಲ್ಲಿ. ರಜೆಯ ದಿನ ಊರಾಚೆಯ ರಸ್ತೆಯಲ್ಲಿ ಒಂದು ಸುತ್ತು. ಹೋಗುವಾಗ ಅವಳು ಮಗಳ ಫೋನು, ಪಕ್ಕದ ಮನೆಯ ಜಗಳ, ತನಗೆ ಬಿದ್ದ ಕನಸು ಎಲ್ಲ ಹೇಳಿ ಮುಗಿಸುವಳು. ಬರುವಾಗ ಅವನು ಉತ್ತರ ಕೊಡುವನು. ಮನೆಯೊಳಗೆ ಅವನಿಗೆ ಸರಿಯಾಗಿ ಕೇಳಿಸುತ್ತಿದ್ದುದು ಒಂದೇ, ಬಟ್ಟೆ ಒಗೆಯುವ ಮೆಷಿನ್ನು. ಬಟ್ಟೆ ಹಿಂಡುವಾಗ ಅದು ಬಚ್ಚಲಿನ ತುಂಬ ದಡಬಡ ಕುಣಿಯುತ್ತಿತ್ತು.

ಕಾರು ಅವನೇ ಕಟ್ಟಿದ್ದು. ಹಳೆಯ ವ್ಯಾನೊಂದರ ಎಲುಬುಗೂಡಾದ ಚಾಸಿಯ ಮೇಲೆ ತಗಡು ಬಗ್ಗಿಸಿ, ಬೆಸೆದು, ಯಾವ ಕಂಪನಿಯೂ ಮಾಡದ ಒಂದು ರೂಪ ಕೊಟ್ಟಿದ್ದ. ನೋಡಲು ಚೆಂದ, ಎರಡು ಮಾತಿಲ್ಲ. ಆದರೆ ಹಿಂದಿನ ಚಕ್ರಗಳೆರಡೂ ಒಂದೇ ದಪ್ಪ ಅಚ್ಚಿಗೆ ಅಂಟಿಕೊಂಡಿದ್ದವು. ಒಂದು ಗುಂಡಿಗೆ ಬಿದ್ದರೆ ಇನ್ನೊಂದೂ ಹಾರಬೇಕು. ಮೂಟೆ ಹೊರುವ ವ್ಯಾನಿಗೆ ಅದು ಸರಿ, ಬೆನ್ನಿನ ಡಿಸ್ಕು ಜಾರಿದ ಹೆಂಗಸಿಗೆ ಸರಿಯೇ? ಒಮ್ಮೆ ರಸ್ತೆಯುಬ್ಬು ದಾಟುವಾಗ ಅವಳು ಕಿರುಚಿದ್ದು ಅವನ ಬಲಗಿವಿಗೂ ಕೇಳಿಸಿತು.

"ಈ ಗಾಡಿಗೆ ಇನ್ಮೇಲೆ ನಾನು ಕಾಲಿಡಲ್ಲ," ಎಂದು ಅಲ್ಲೇ ಇಳಿದು, ಸೊಂಟ ಹಿಡಿದುಕೊಂಡು ನಡೆದೇ ಮನೆ ಸೇರಿದಳು.

ಅಂದಿನಿಂದ ಊಟಕ್ಕೆ ಕರೆಯುವುದೂ ಕೈಸನ್ನೆಯಲ್ಲೇ. ತಗಡಣ್ಣನಿಗೆ ಒಳಗೊಳಗೇ ದಿಗಿಲಾಯಿತು. ಹೀಗೇ ಬಿಟ್ಟರೆ ಹೆಂಡತಿಯ ದನಿ ಹೇಗಿತ್ತೆಂಬುದೇ ಮರೆತುಹೋದೀತು.

ಗುಜರಿಯವನ ಅಂಗಳದಲ್ಲಿ ಮೂತಿ ಅಪ್ಪಚ್ಚಿಯಾದ ದೊಡ್ಡವರ ಕಾರೊಂದು ಬಿದ್ದಿತ್ತು. ಹಿಂಭಾಗಕ್ಕೆ ಒಂದು ಗೀರೂ ಇರಲಿಲ್ಲ. ಕೆಳಗೆ ತೂರಿ ನೋಡಿದ. ಎರಡು ಚಕ್ರಕ್ಕೂ ಬೇರೆ ಬೇರೆ ತೋಳು, ಬೇರೆ ಬೇರೆ ಸ್ಪ್ರಿಂಗು. ಒಂದು ಕುಣಿದರೆ ಇನ್ನೊಂದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಅವನ್ನೂ ನಡುವಿನ ಹಲ್ಲುಚಕ್ರಗಳ ಡಬ್ಬಿಯನ್ನೂ ಹೊತ್ತ ಕಬ್ಬಿಣದ ಚೌಕಟ್ಟು ನಾಲ್ಕು ಮೂಲೆಗಳಲ್ಲಿ ನಾಲ್ಕು ದಪ್ಪ ರಬ್ಬರು ಬಿಲ್ಲೆಗಳ ಮೂಲಕ ಕಾರಿನ ಮೈಗೆ ಸೇರಿತ್ತು. ಇಡೀ ಚೌಕಟ್ಟನ್ನೇ ಬಿಚ್ಚಿಸಿ ಶೆಡ್ಡಿಗೆ ಹೊರಿಸಿಕೊಂಡು ಬಂದ.

ಅಲ್ಲಿಂದ ಶುರುವಾಯಿತು ಗ್ರಹಚಾರ. ಚೌಕಟ್ಟು ಅಗಲ, ಚಾಸಿ ಕಿರಿದು. ಚಾಸಿಯ ಬಾಲ ಕತ್ತರಿಸಿ ಹೊಸದು ಬೆಸೆದ. ಆಗ ಪೆಟ್ರೋಲ್ ಟ್ಯಾಂಕು ಅಡ್ಡ ಬಂತು. ಅದನ್ನು ಡಿಕ್ಕಿಗೆ ಎತ್ತಿದರೆ, ತೋಳು ಮೇಲೆದ್ದಾಗಲೆಲ್ಲ ಹೊಗೆಕೊಳವೆಗೆ ಗುದ್ದಿತು. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ದಂಡ ಉದ್ದವಾಯಿತೆಂದು ಲೇತ್ ಮೆಷಿನ್ನಿನಲ್ಲಿ ಕಬ್ಬಿಣ ಕಡೆಯುವ ಗೆಳೆಯನಿಂದ ಕತ್ತರಿಸಿಕೊಂಡು ತಂದರೆ, ಈಗ ಗಿಡ್ಡ! ಅಳತೆ ಕೊಟ್ಟ ಮೇಲೆ ತಾನೇ ಚೌಕಟ್ಟನ್ನು ಎರಡು ಬೆರಳು ಹಿಂದಕ್ಕೆ ಸರಿಸಿದ್ದ ಮಹಾಶಯ, ಲೇತಿನವನ ಮೇಲೆ ಹರಿಹಾಯ್ದ. ಲೇತಿನವನು ತಾಳ್ಮೆಯ ಆಸಾಮಿ, ಬೈದದ್ದನ್ನೆಲ್ಲ ಬೈಸಿಕೊಂಡು ಇನ್ನೊಂದು ದಂಡ ಮಾಡಿಕೊಟ್ಟ.

ಎಲ್ಲ ಕೂತಿತು ಎನ್ನುವಾಗ ಕಾರಿನ ಹಿಂಭಾಗ ಮೊಟ್ಟೆಯಿಡಲು ಹೊರಟ ಕೋಳಿಯಂತೆ ಎದ್ದು ನಿಂತಿತು. ರಬ್ಬರುಗಳ ದಪ್ಪವೇ ಅದಕ್ಕೆ ಕಾರಣ. ತಗಡಣ್ಣ ತನ್ನ ಕೈಯಾರೆ ತಟ್ಟಿದ ಆ ಬೆನ್ನಿನ ಇಳಿಜಾರು ಪೂರ್ತಿ ಕೆಟ್ಟುಹೋಗಿತ್ತು. ಸಿಟ್ಟು ನೆತ್ತಿಗೇರಿ, ಸುತ್ತಿಗೆ ಎತ್ತಿಕೊಂಡು ನಾಲ್ಕೂ ರಬ್ಬರುಗಳನ್ನು ಹೊಡೆದು ಹೊರಗೆ ಹಾಕಿದ.

"ಆ ರಬ್ಬರನ್ನ ಅಂದಕ್ಕೆ ಇಟ್ಟಿಲ್ಲ ಕಣೋ," ಎಂದ ಲೇತಿನವನು, ಅವನ ಎಡಕ್ಕೆ ಬಂದು. "ಕಬ್ಬಿಣಕ್ಕೆ ಕಬ್ಬಿಣ ನೇರ ಬೆಸೆದ್ರೆ ಗೋಳಾಡುತ್ತೆ."

"ಬೆಸುಗೆ ಬರದೇ ಇರೋರು ರಬ್ಬರ್ ಇಡ್ತಾರೆ. ನೀನು ನಿನ್ನ ಲೇತ್ ನೋಡ್ಕೊ."

ಚೌಕಟ್ಟನ್ನು ಚಾಸಿಗೇ ಬೆಸೆದುಬಿಟ್ಟ. ಬೆಸುಗೆಯೇನೋ ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಅವನು ಕಾರಿನಡಿ ಕಿಡಿ ಹಾರಿಸುತ್ತಿದ್ದಾಗ ಹೆಂಡತಿ ಶೆಡ್ಡಿಗೆ ಬಂದು, ನೆಲದ ಮೇಲಿನ ರಬ್ಬರುಗಳನ್ನು ತೋರಿಸಿ, "ಇವು ಬೇಡ್ವೇನ್ರೀ? ನಾನು ತಗೊಳ್ಲಾ?" ಎಂದಳು. ಅವನಿಗೆ ಕೇಳಿಸಲಿಲ್ಲ. ಏನೋ ಕೇಳುತ್ತಿದ್ದಾಳೆಂದು ಹೋಗು ಹೋಗು ಎನ್ನುವಂತೆ ಕೈ ಬೀಸಿದ. ಅವಳು ನಾಲ್ಕನ್ನೂ ಸೆರಗಿನಲ್ಲಿ ತುಂಬಿಕೊಂಡು ಹೋದಳು.

ಪರೀಕ್ಷೆಗೆಂದು ಹಿಂದಿನ ಸೀಟಿನ ಮೇಲೆ ಮೊಟ್ಟೆಗಳ ಟ್ರೇ ಇಟ್ಟುಕೊಂಡು ಊರಿನ ಗುಂಡಿಗಳನ್ನೆಲ್ಲ ಹುಡುಕಿ ಹುಡುಕಿ ಓಡಿಸಿದ. ಒಂದೂ ಒಡೆಯಲಿಲ್ಲ. ಕಾರು ಊಳಿಡುತ್ತಿತ್ತು ನಿಜ, ಆದರೆ ಜೀವಮಾನವಿಡೀ ತಗಡು ಬಡಿದವನಿಗೆ ಸದ್ದೂ ಒಂದು ದೋಷವೆಂದು ಹೊಳೆಯುವುದಾದರೂ ಹೇಗೆ? ಟ್ರೇಯನ್ನು ಹೆಂಡತಿಯ ಮುಂದೆ ಹಿಡಿದು, "ಮೊಟ್ಟೆಗೇ ಏನೂ ಆಗಿಲ್ಲ. ಒಂದೇ ಒಂದು ಸಲ ಬಾ," ಎಂದ. ಅವನ ಮುಖ ನೋಡಿ ಅವಳಿಗೆ ಇಲ್ಲವೆನ್ನಲಾಗಲಿಲ್ಲ.

ಬೆನ್ನಿಗೆ ದಿಂಬು ಒತ್ತಿಕೊಂಡು, ಬಾಗಿಲಿನ ಹಿಡಿ ಬಿಗಿಯಾಗಿ ಹಿಡಿದು ಕೂತಳು. ಗುಂಡಿ ಬಂತು, ಹೋಯಿತು. ಅವಳು ಕಿರುಚಿದ್ದ ಅದೇ ಉಬ್ಬು ಬಂತು. ಕಾರು ಮೆಲ್ಲಗೆ ಎದ್ದು ಮೆಲ್ಲಗೆ ಇಳಿಯಿತು. ಅವಳ ಮುಷ್ಟಿ ಸಡಿಲವಾದದ್ದನ್ನು ತಗಡಣ್ಣ ಓರೆಗಣ್ಣಿನಲ್ಲಿ ನೋಡಿ ಹಿರಿಹಿರಿ ಹಿಗ್ಗಿದ. ಊರು ದಾಟಿ ವೇಗ ಹೆಚ್ಚಿಸಿದ. ಆಗ ಅವಳು ಅವನ ಕಡೆ ತಿರುಗಿ ಮಾತಾಡತೊಡಗಿದಳು.

ತುಟಿಗಳು ಆಡುತ್ತಿದ್ದವು. ಒಂದಕ್ಷರ ಕೇಳಿಸಲಿಲ್ಲ. ಹಿಂದಿನ ಹಲ್ಲುಚಕ್ರಗಳ ಕೂಗು ಬೆಸುಗೆಯ ದಾರಿ ಹಿಡಿದು ಕಾರಿನ ನೆಲಕ್ಕೆ, ನೆಲದಿಂದ ಬಾಗಿಲಿಗೆ, ಬಾಗಿಲಿನಿಂದ ಮಾಡಿಗೆ ಹತ್ತಿ, ಅವನೇ ತಟ್ಟಿದ ತಗಡೆಲ್ಲ ಒಟ್ಟಿಗೆ ಅರಚುತ್ತಿತ್ತು. "ಏನು?" ಎಂದ. ಅವಳು ಕೂಗಿದಳು. "ಏನಂದೆ?" ಎಂದು ಎಡಗಿವಿಯನ್ನು ಅವಳ ಬಾಯಿಯ ಹತ್ತಿರಕ್ಕೇ ಒಯ್ದ. ಕಾರು ರಸ್ತೆಯಂಚಿಗೆ ವಾಲಿತು. ಸ್ಟೀರಿಂಗಿಗೆ ಗುದ್ದಿ, ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿದ.

"ಏನು ಹೇಳ್ತಿದ್ದೆ?"

"ಬೆನ್ನು ನೋಯ್ತಿಲ್ಲ ಅಂದೆ."

"ಅಷ್ಟೇನಾ?"

"ಹೇಳೋದು ರಾಶಿ ಇದೆ. ಈ ಅರಚಾಟದಲ್ಲಿ ಯಾರಿಗೆ ಹೇಳ್ಲಿ? ಮನೇಲೇ ವಾಸಿ, ಅಲ್ಲಿ ಕೂಗಿದ್ರಾದ್ರೂ ಕೇಳಿಸುತ್ತೆ."

ತಗಡಣ್ಣ ಹಣೆ ಚಚ್ಚಿಕೊಂಡ. ಅಳು ಬರುವಷ್ಟು ಸಿಟ್ಟು, ಅದೂ ತನ್ನ ಮೇಲೆಯೇ. ಲೇತಿನವನ ಮಾತು ಈಗ ತಲೆಗೆ ಹೊಕ್ಕಿತ್ತು. "ಆ ರಬ್ಬರು ಹಾಕ್ಬೇಕಿತ್ತು. ಈಗ ಅಷ್ಟೂ ಬೆಸುಗೆ ಕೊಯ್ಯಬೇಕು, ಎಲ್ಲ ಮೊದಲಿಂದ ಶುರು! ಹಾಳಾದ ರಬ್ಬರು, ಅದನ್ನೂ ಎಲ್ಲಿ ಎಸೆದ್ನೋ!"

"ಎಸೆದಿಲ್ಲ. ನನ್ನ ಬಟ್ಟೆ ಮೆಷಿನ್ನಿನ ನಾಲ್ಕು ಕಾಲಿನ ಕೆಳಗಿದೆ," ಎಂದಳು. "ಅವತ್ತಿಂದ ಅದು ತುಟಿ ಪಿಟಕ್ ಅಂದಿಲ್ಲ. ನಿಮಗೆ ಗೊತ್ತೇ ಆಗ್ಲಿಲ್ವಾ?"

ಮನೆಯಲ್ಲಿ ಕೇಳಿಸುತ್ತಿದ್ದ ಒಂದೇ ಒಂದು ಸದ್ದು ನಿಂತುಹೋಗಿದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಇದೇ ಕ್ಷಣ ಹೋಗಿ ಕತ್ತರಿಸುವ ಮೆಷಿನ್ನು ಹಚ್ಚಬೇಕೆಂದು ಕೀಲಿಗೆ ಕೈ ಹಾಕಿದ. ಅವಳು ಆ ಕೈಯನ್ನು ಹಿಡಿದುಕೊಂಡಳು.

"ರಬ್ಬರು ಎಲ್ಲಿಗೂ ಓಡಿಹೋಗಲ್ಲ. ಮಗಳು ಫೋನ್ ಮಾಡಿದ್ಲು. ಏನಂದ್ಲು ಗೊತ್ತಾ?"

ತಗಡಣ್ಣ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು, ಎಡಗಿವಿಯನ್ನು ಅವಳ ಕಡೆಗೆ ತಿರುಗಿಸಿ ಕೂತ.