ಅಂಬಿಗ ಸಾಯದ ಪುಸ್ತಕ

ಲೀಲಕ್ಕ, ನಿಮಗೆ ನೆನಪು ತಪ್ಪಿರಲಿಲ್ಲ. ಪುತ್ತೂರಿನ ಆ ಚಿತ್ರಮಂದಿರದಲ್ಲಿ, ಅಷ್ಟು ಜನರ ಎದುರು ನೀವು ಹೇಳಿದ ಒಂದೊಂದು ಮಾತೂ ಸರಿಯಾಗಿತ್ತು. ಅದು ಸರಿ ಎಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಗೊತ್ತಿದ್ದೂ ಸುಳ್ಳು ಹೇಳಿದೆ. ಮೂರು ವರ್ಷವಾಯಿತು. ನೀವು ಅಂದಿನಿಂದ ನಿಮ್ಮ ತಲೆಯನ್ನೇ ನಂಬುವುದು ಬಿಟ್ಟಿದ್ದೀರಿ, ನಾನು ಅಂದಿನಿಂದ ಆ ಪುಸ್ತಕವನ್ನು ತೆರೆದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿದ್ದೇನೆಂದು ತಿಳಿಯಬೇಡಿ — ನಿಮ್ಮ ನಷ್ಟ ನಷ್ಟ, ನನ್ನದು ಬರೀ ನಾಚಿಕೆ.

ಮೊದಲಿನಿಂದ ಹೇಳುತ್ತೇನೆ.

ಕಡಬದ ನಮ್ಮ ಮನೆಯ ಜಗಲಿಯಲ್ಲಿ ನೀವು, ನನ್ನ ಅಮ್ಮ, ಜೋಹರಕ್ಕ ಮೂವರೂ ಬೀಡಿ ಕಟ್ಟಲು ಕೂರುತ್ತಿದ್ದಿರಿ. ಪಿಯುಸಿ ಮುಗಿಸಿ ಮುಂದಿನ ದಾರಿ ಕಾಣದೆ ನಾನೂ ಎಲೆ, ಹೊಗೆಸೊಪ್ಪು ತುಂಬಿದ ಒಂದು ಗೆರಸೆ ಹಿಡಿದು ಕೂತೆ. ನನ್ನ ಬೀಡಿಗಳನ್ನು ನೋಡಿ ನೀವು ನಕ್ಕದ್ದು ನೆನಪಿದೆ. ಒಂದು ದಪ್ಪ, ಒಂದು ಸಣಕಲು. "ಇದನ್ನು ಸೇದಿದವ ನಮ್ಮನ್ನು ಹುಡುಕಿಕೊಂಡು ಬಂದಾನು ಮಾರಾಯ್ತಿ. ನೀನು ಕಟ್ಟುದು ಬೇಡ, ಓದು. ಕೈಗೆ ಕೆಲಸ ಉಂಟು, ಕಿವಿ ಖಾಲಿ ಉಂಟು" ಎಂದಿರಿ. ಅಂದಿನಿಂದ ಅದು ನಮ್ಮ ಜಗಲಿಯ ಕಾನೂನಾಯಿತು: ನಾನು ಓದುವುದು, ನನ್ನ ಪಾಲಿನ ಎಲೆಯನ್ನು ನೀವು ಮೂವರು ಹಂಚಿಕೊಂಡು ಕಟ್ಟುವುದು.

ಹಾಗೆ 'ಏಳು ಕಡವು' ನಮ್ಮ ಜಗಲಿಗೆ ಬಂತು. ಐದು ದಪ್ಪ ಸಂಪುಟಗಳ ಮಾಯಾಲೋಕದ ಕಥೆ. ಏಳು ಕಡವಿನಲ್ಲಿ ಏಳು ಹೊಳೆ ದಾಟಿ ತನ್ನ ಊರನ್ನು ಹುಡುಕುವ ಒಬ್ಬ ಹುಡುಗಿ, ಅವಳನ್ನು ದಾಟಿಸುವ ಬಾಯಿಬಡುಕ ಅಂಬಿಗ ದುಗ್ಗ. ಪುಟದ ಗುರುತಿಗೆ ನಾನು ಕಾಗದ ಇಟ್ಟದ್ದೇ ಇಲ್ಲ, ಏಕೆಂದರೆ ನೀವಿದ್ದಿರಿ. ನಿನ್ನೆ ಎಲ್ಲಿ ನಿಲ್ಲಿಸಿದೆ ಎಂದು ಕೇಳಿದರೆ ಕೊನೆಯ ಸಾಲನ್ನು ಇದ್ದ ಹಾಗೆಯೇ ಹೇಳುತ್ತಿದ್ದಿರಿ. ಶಾಲೆಯ ಮೆಟ್ಟಿಲು ಹತ್ತದ ನಿಮಗೆ ಅದು ಹೇಗೆ ಸಾಧ್ಯ ಎಂದು ಅಮ್ಮ ಬೆರಗಾಗುತ್ತಿದ್ದಳು. "ಬರೆದಿಡ್ಲಿಕ್ಕೆ ಗೊತ್ತಿಲ್ಲದವರು ನೆನಪಿಡುದಲ್ಲದೆ ಎಂತ ಮಾಡುದು?" ಎಂದಿದ್ದಿರಿ. ಅದನ್ನು ಹೇಳುವಾಗ ನಿಮ್ಮ ಮುಖದಲ್ಲಿದ್ದ ಆ ಸಣ್ಣ ಗರ್ವ — ಅದು ನಿಮ್ಮ ಒಂದೇ ಒಂದು ಆಸ್ತಿಯಾಗಿತ್ತು ಎಂದು ನನಗೆ ಆಗ ತಿಳಿಯಲಿಲ್ಲ.

ದುಗ್ಗ ಬಂದ ದಿನ ನಿಮ್ಮ ಕೈ ನಿಂತಿತು. "ಇವ ನಮ್ಮವರ ಹಾಗೆಯೇ. ಹುಟ್ಟು ಹಾಕುವಾಗ ಹೊಳೆಗೂ ಬೈಯುದು, ನನಗೂ ಬೈಯುದು" ಎಂದಿರಿ. ಸೇತುವೆ ಆಗುವವರೆಗೆ ನಿಮ್ಮ ಯಜಮಾನರು ಕುಮಾರಧಾರೆಯ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದರು. ಅದೇ ವರ್ಷದ ಮಳೆಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡಿದ್ದರು. ನೀವು ಅತ್ತದ್ದನ್ನು ಯಾರೂ ನೋಡಲಿಲ್ಲ. ಅವರ ಹುಟ್ಟನ್ನು ಒರೆಸಿ ಅಟ್ಟದಲ್ಲಿಟ್ಟಿದ್ದಿರಿ, ಅಷ್ಟೇ.

ನಾಲ್ಕನೆಯ ಸಂಪುಟದಲ್ಲಿ ಆ ಪುಟ ಬಂತು. ಪ್ರವಾಹದಲ್ಲಿ ಹುಡುಗಿಯನ್ನು ಉಳಿಸಲು ದುಗ್ಗ ದೋಣಿಯ ಹಗ್ಗವನ್ನು ತಾನೇ ಕಡಿಯುತ್ತಾನೆ. ಓದುತ್ತಿದ್ದಂತೆ ನನ್ನ ಕಣ್ಣು ಎರಡು ಸಾಲು ಮುಂದೆ ಹೋಯಿತು. 'ಬೆಳಗಾಗುವಾಗ ದುಗ್ಗನ ಹುಟ್ಟು ಮಾತ್ರ ದಡಕ್ಕೆ ಬಂದಿತ್ತು.' ತಲೆಯೆತ್ತಿದರೆ ನೀವು ಕತ್ತರಿಯನ್ನು ನೆಲಕ್ಕಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದಿರಿ. ನನ್ನಿಂದ ಓದಲಾಗಲಿಲ್ಲ. ಪುಸ್ತಕದ ಮೇಲೆ ಕಣ್ಣಿಟ್ಟೇ, ಪುಸ್ತಕದಲ್ಲಿಲ್ಲದ್ದನ್ನು ಹೇಳಿದೆ — "ದುಗ್ಗ ಮೂರು ಸಲ ಮುಳುಗಿದ, ಮೂರು ಸಲ ಎದ್ದ. ನಾಲ್ಕನೆಯ ಸಲ ಅವನ ಕೈಗೆ ಹೊನ್ನೆಮರದ ಬೇರು ಸಿಕ್ಕಿತು."

ನೀವು ಒಂದು ದೊಡ್ಡ ಉಸಿರು ಬಿಟ್ಟು ಕತ್ತರಿ ಎತ್ತಿಕೊಂಡಿರಿ.

ಆ ಒಂದು ಗಳಿಗೆಯದು ಕರುಣೆಯೇ ಇರಬಹುದು. ಅದಕ್ಕಾಗಿ ನಾನು ಕ್ಷಮೆ ಕೇಳುತ್ತಿಲ್ಲ. ಆದರೆ ಮರುದಿನದಿಂದ ನಡೆದದ್ದು — ಅದು ಕರುಣೆಯಲ್ಲ, ರುಚಿ. ಐದನೆಯ ಸಂಪುಟದಲ್ಲಿ ದುಗ್ಗನೇ ಇಲ್ಲ, ನಾನು ಮಾತ್ರ ದಿನಕ್ಕೊಂದು ದುಗ್ಗನನ್ನು ಹುಟ್ಟಿಸುತ್ತಿದ್ದೆ. ಹೊಳೆಬದಿಯಲ್ಲಿ ಅವನಿಗೊಂದು ಗೂಡಂಗಡಿ ಹಾಕಿಸಿದೆ. ಜೋಹರಕ್ಕ "ಅವನಿಗೊಂದು ಮದುವೆ ಮಾಡಿಸು ಮಾರಾಯ್ತಿ" ಎಂದರೆ ಮಾರನೆಯ ದಿನ ಹೆಣ್ಣು ನೋಡುವ ಶಾಸ್ತ್ರವೂ ಆಯಿತು. ನೀವು ಎಲೆ ನೀರಿಗೆ ಹಾಕುವ ಮೊದಲೇ ಕೇಳುತ್ತಿದ್ದಿರಿ, "ದುಗ್ಗನದ್ದು ಊಟ ಆಯಿತಾ?" ಬರೆದವರ ಪುಸ್ತಕಕ್ಕಿಂತ ನನ್ನ ಪುಸ್ತಕವೇ ನಿಮಗೆ ಇಷ್ಟ ಎಂದು ನಾನು ಒಳಗೊಳಗೇ ಉಬ್ಬಿಹೋಗಿದ್ದೆ. ಇದು ಪುಸ್ತಕದಲ್ಲಿಲ್ಲ, ನಾನು ಸೇರಿಸಿದ್ದು ಎಂದು ಒಂದು ಮಾತು ಹೇಳಲು ಎಷ್ಟು ದಿನಗಳಿದ್ದವು!

ಆಮೇಲೆ ನನಗೆ ಪುತ್ತೂರಿನ ಒಂದು ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. 'ಏಳು ಕಡವು' ನಾಡಿನಲ್ಲೆಲ್ಲ ಮನೆಮಾತಾಯಿತು. ನಾನು ಅದನ್ನು ಮತ್ತೆ ಮತ್ತೆ ಓದಿದೆ, ಇದ್ದ ಹಾಗೆ. ಪುತ್ತೂರು, ಸುಳ್ಯ, ಕಡಬದ ಓದುಗರದ್ದೊಂದು ಬಳಗ ಹುಟ್ಟಿತು, ನಾನು ಅದರ ಹಿರಿಯಕ್ಕ. ಯಾವ ಪುಟದಲ್ಲಿ ಯಾವ ಮಾತು ಎಂದು ತಕರಾರು ಬಂದರೆ "ಸುಮತಿ ಅಕ್ಕನನ್ನು ಕೇಳಿ" ಎನ್ನುತ್ತಿದ್ದರು. ಜಗಲಿಯ ದುಗ್ಗ ನನಗೆ ಮರೆತೇ ಹೋದ. ನಂಬುತ್ತೀರಾ ಲೀಲಕ್ಕ? ಮರೆತದ್ದು ನಾನು, ಮರೆವಿನ ಅಪವಾದ ಹೊತ್ತದ್ದು ನೀವು.

ಸಿನಿಮಾ ಬರುತ್ತದೆ ಎಂದು ಗೊತ್ತಾದಾಗ ನಮ್ಮ ಬಳಗಕ್ಕೆ ಹಬ್ಬವೂ ಬಂತು, ಸಿಟ್ಟೂ ಬಂತು. ಹುಡುಗಿಯ ಶಾಲು ಹಳದಿ ಇರಬೇಕಿತ್ತು, ಟ್ರೈಲರಿನಲ್ಲಿ ಕೇಸರಿ ಮಾಡಿದ್ದಾರೆ. ಮೂರನೆಯ ಕಡವಿನ ಮುದುಕಿಯನ್ನೇ ಕೈಬಿಟ್ಟಿದ್ದಾರಂತೆ. ದಿನವಿಡೀ ಫೋನಿನಲ್ಲಿ ಇದೇ ಜಗಳ. ಎಲ್ಲರಿಗಿಂತ ಖಾರವಾಗಿ ಬರೆದವಳು ನಾನು: 'ಪುಸ್ತಕವನ್ನು ನಂಬಿದವರಿಗೆ ಸುಳ್ಳು ಕಥೆ ತೋರಿಸುವ ಹಕ್ಕು ಯಾರಿಗೂ ಇಲ್ಲ.' ನೂರಾರು ಜನ ಅದನ್ನು ಹಂಚಿಕೊಂಡರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ಆ ಗಾದೆ ನನಗಾಗಿಯೇ ಇದೆ.

ಮೊದಲ ದಿನದ ಮಧ್ಯಾಹ್ನದ ಆಟಕ್ಕೆ ನಿಮ್ಮನ್ನು ಕರೆದವಳೂ ನಾನೇ. ನನ್ನ ಮೊದಲ ಕೇಳುಗರು ಎಂದು ಬಳಗಕ್ಕೆ ತೋರಿಸುವ ಆಸೆ. ಅಮ್ಮ ತೀರಿಹೋಗಿದ್ದಳು, ಜೋಹರಕ್ಕ ಮಗಳ ಜೊತೆ ಗಲ್ಫಿನಲ್ಲಿದ್ದರು. ಉಳಿದದ್ದು ನೀವು. ಸೊಸೆ ಪುಷ್ಪಳ ಜೊತೆ ಬಸ್ಸಿನಲ್ಲಿ ಬಂದಿರಿ, ಮದುವೆಗೆ ಉಡುವ ಸೀರೆ ಉಟ್ಟು. ಹಳದಿ ಶಾಲು ಹೊದ್ದ ಕಾಲೇಜು ಹುಡುಗಿಯರನ್ನು ನೋಡಿ "ಇವರೆಲ್ಲ ನಮ್ಮ ಕಥೆಯವರಾ!" ಎಂದು ಖುಷಿಪಟ್ಟಿರಿ.

ಪರದೆಯ ಮೇಲೆ ದುಗ್ಗ ಹಗ್ಗಕ್ಕೆ ಕತ್ತಿಯಿಟ್ಟಾಗಲೇ ನನಗೆ ಜಗಲಿ ನೆನಪಾದದ್ದು. ಹುಟ್ಟು ತೇಲುತ್ತ ದಡಕ್ಕೆ ಬಂತು. ಸುತ್ತ ಎಲ್ಲರೂ ಅಳುತ್ತಿದ್ದರು. ನೀವು ಮಾತ್ರ ಎದ್ದು ನಿಂತಿರಿ. "ಸುಳ್ಳು! ಅವ ಸಾಯುದಿಲ್ಲ!"

ಆಟ ಬಿಟ್ಟ ಮೇಲೆ ಹೊರಗೆ ಹುಡುಗರು, ಹುಡುಗಿಯರು ನಿಮ್ಮನ್ನು ಸುತ್ತುವರಿದರು. ಯಾರೋ ಫೋನು ಹಿಡಿದು "ಅಜ್ಜಿ, ಸಿನಿಮಾ ಹೇಗುಂಟು?" ಎಂದು ಕೇಳಿದರು. ನೀವು ನ್ಯಾಯ ಹೇಳುವವರ ಹಾಗೆ ಸೆರಗು ಸರಿಮಾಡಿಕೊಂಡು ಹೇಳಿದಿರಿ: "ಎಲ್ಲ ಚಂದ ಉಂಟು. ದುಗ್ಗನದ್ದು ಮಾತ್ರ ತಪ್ಪು. ದುಗ್ಗ ಮೂರು ಸಲ ಮುಳುಗಿದ, ಮೂರು ಸಲ ಎದ್ದ. ನಾಲ್ಕನೆಯ ಸಲ ಅವನ ಕೈಗೆ ಹೊನ್ನೆಮರದ ಬೇರು ಸಿಕ್ಕಿತು. ಹಾಗೆ ಇರುದು ಪುಸ್ತಕದಲ್ಲಿ." ಒಂದು ಪದ ಆಚೀಚೆ ಆಗಲಿಲ್ಲ ಲೀಲಕ್ಕ. ಹನ್ನೆರಡು ವರ್ಷದ ಮೇಲೆ, ನಾನು ಹೇಳಿದ್ದ ಹಾಗೆಯೇ.

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಅಜ್ಜಿಯರನ್ನು ನೋಡಿ ನಗುವ ನಗು. "ಪುಸ್ತಕ ಓದಿದ್ದೀರಾ ಅಜ್ಜಿ?"

"ಓದಿದ್ದು ಇವಳು, ಕೇಳಿದ್ದು ನಾನು" ಎಂದು ನನ್ನ ಕೈ ಹಿಡಿದು ಎಳೆದಿರಿ. "ಹೇಳು ಸುಮ, ಇವರಿಗೆ ಹೇಳು."

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಫೋನೂ ತಿರುಗಿತು. ಹೇಳಬೇಕಾಗಿದ್ದದ್ದು ಇಷ್ಟೇ — ಅದು ನಾನು ಸೇರಿಸಿದ್ದು, ಇವರಿಗೆ ನೆನಪಿರುವುದು ಸರಿ. ಹೇಳಿದ್ದರೆ ಏನಾಗುತ್ತಿತ್ತು? ಬಳಗದವರು ನಗುತ್ತಿದ್ದರು, ಪುಸ್ತಕ ತಿದ್ದಿದವಳು ಎನ್ನುತ್ತಿದ್ದರು... ಅಷ್ಟೇ. ಅಷ್ಟಕ್ಕೆ ಹೆದರಿದೆ. ನಿಮ್ಮ ಕೈಯಿಂದ ನನ್ನ ಕೈ ಬಿಡಿಸಿಕೊಂಡು ಹೇಳಿದೆ:

"ಇಲ್ಲ ಲೀಲಕ್ಕ. ಪುಸ್ತಕದಲ್ಲಿಯೂ ಅವ ಸಾಯುದೇ. ನಿಮಗೆ ನೆನಪು ತಪ್ಪಿದ್ದು."

ನೀವು ನನ್ನನ್ನು ನೋಡಿದಿರಿ. ಸಿಟ್ಟಿನಿಂದಲ್ಲ. ಇಳಿಯುತ್ತಿದ್ದ ಮೆಟ್ಟಿಲುಗಳಲ್ಲಿ ಒಂದು ಕಾಲಿಗೆ ಸಿಗದವರ ಹಾಗೆ. "ಹೌದಾ... ಇರಬಹುದು ಮಾರಾಯ್ತಿ. ಪ್ರಾಯ ಆಯಿತಲ್ಲ" ಎಂದಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಆ ಮಾತನ್ನು ಅಲ್ಲಿಯೇ ಹಿಂದೆ ತೆಗೆದುಕೊಳ್ಳಬಹುದಿತ್ತು, ನೀವು ಬಸ್ಸು ಹತ್ತುವವರೆಗೂ ಸಮಯವಿತ್ತು. ನಾನು ನಿಮಗೆ ಕಿಟಕಿ ಬದಿಯ ಸೀಟು ಹಿಡಿದುಕೊಟ್ಟು ಕೈಬೀಸಿದೆ.

ಆ ವೀಡಿಯೊ ಬಳಗದಲ್ಲಿ ಓಡಾಡಿತು. ಸಿನಿಮಾ ಹಿಡಿಸದವರು 'ಅಜ್ಜಿಗೂ ಸಿಟ್ಟು ಬಂದಿದೆ' ಎಂದರು, ಹಿಡಿಸಿದವರು 'ಅಜ್ಜಿ ಬೇರೆಯೇ ಪುಸ್ತಕ ಕೇಳಿದ್ದಾರೆ' ಎಂದರು. ಎರಡನೆಯವರು ಹೇಳಿದ್ದು ಎಷ್ಟು ನಿಜ! ನಾನು 'ಪಾಪ, ವಯಸ್ಸಾಗಿದೆ' ಎಂದು ಬರೆದೆ. ಹೌದು, ಅದನ್ನೂ ಬರೆದೆ.

ಕಳೆದ ವರ್ಷ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಪುಷ್ಪ ಸಿಕ್ಕಳು. ನಿಮ್ಮನ್ನು ಡಾಕ್ಟರಿಗೆ ತೋರಿಸಿ ಹೊರಟಿದ್ದಳು. "ಡಾಕ್ಟ್ರು ಎಂತ ತೊಂದರೆಯೂ ಇಲ್ಲ ಹೇಳಿದ್ರು ಅಕ್ಕ. ಅತ್ತೆಗೇ ಧೈರ್ಯ ಇಲ್ಲ. ಗ್ಯಾಸ್ ಆಫ್ ಮಾಡಿದ್ದೇನಾ ಅಂತ ಮೂರು ಮೂರು ಸಲ ಕೇಳುದು. ಒಬ್ಬರೇ ಬಸ್ಸು ಹತ್ತುದಿಲ್ಲ. ಮಕ್ಕಳಿಗೆ ಕಥೆ ಹೇಳುದೂ ಬಿಟ್ಟಿದ್ದಾರೆ, ತಪ್ಪು ಹೇಳಿದರೆ ಅಂತ." ನೀವು ಬೆಂಚಿನಲ್ಲಿ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಿರಿ. ನನ್ನನ್ನು ಕಂಡು ಮುಖ ಅರಳಿತು. "ಸುಮ ಅಲ್ವಾ?" ಎಂದಿರಿ. ಮತ್ತೆ ಪುಷ್ಪಳ ಕಡೆ ತಿರುಗಿ ಮೆಲ್ಲನೆ ಕೇಳಿದಿರಿ, "ಹೌದಲ್ವಾ ಪುಷ್ಪಾ? ಇವಳು ಸುಮನೇ ಅಲ್ವಾ?"

ಆಗಲೂ ಹೇಳಲಿಲ್ಲ. ಬಸ್ಸು ಬಂತು ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ಸು ಬರಲು ಇನ್ನೂ ಕಾಲು ಗಂಟೆ ಇತ್ತು ಲೀಲಕ್ಕ.

ಈಗ ಸಿನಿಮಾದ ಎರಡನೆಯ ಭಾಗ ಬರುತ್ತಿದೆ. ಬಳಗ ತರುತ್ತಿರುವ ವಿಶೇಷ ಸಂಚಿಕೆಗೆ ಒಂದು ಲೇಖನ ಬೇಕಂತೆ, ಪುಸ್ತಕಕ್ಕೆ ನಿಷ್ಠರಾಗಿರುವುದು ಎಂದರೇನು ಎಂಬ ಬಗ್ಗೆ. ಅದರ ಬದಲು ಇದನ್ನು ಬರೆದಿದ್ದೇನೆ, ಇದನ್ನೇ ಕೊಡುತ್ತೇನೆ. ಆ ವೀಡಿಯೊ ನೋಡಿ ನಕ್ಕವರು ಓದಲಿ. ಆದರೆ ಅವರಿಗಿಂತ ಮೊದಲು ನೀವು ಕೇಳಬೇಕು.

ಭಾನುವಾರ ಬೆಳಗಿನ ಬಸ್ಸಿಗೆ ಕಡಬಕ್ಕೆ ಬರುತ್ತೇನೆ. ನಾಲ್ಕನೆಯ ಸಂಪುಟವನ್ನೂ ತರುತ್ತೇನೆ, ಅಂದು ನಾನು ಓದದೆ ಬಿಟ್ಟ ಪುಟವನ್ನು ಓದೆಂದರೆ ಓದುತ್ತೇನೆ. ಹೊರಗೆ ಹೋಗು ಎಂದರೆ ಹೋಗುತ್ತೇನೆ. ನೀವು ಕ್ಷಮಿಸಬೇಕೆಂದು ಬರುತ್ತಿಲ್ಲ. ನಿಮ್ಮ ತಲೆ ಸರಿಯಾಗಿದೆ, ಮೊದಲಿನಿಂದಲೂ ಸರಿಯಾಗಿಯೇ ಇತ್ತು ಎಂದು ಪುಷ್ಪಳ ಎದುರು, ಮಕ್ಕಳ ಎದುರು ಹೇಳಲು ಬರುತ್ತಿದ್ದೇನೆ.

ನಿಮಗೆ ಓದಲು ಬಾರದು, ಇದನ್ನೂ ನಾನೇ ಓದಬೇಕು. ನನ್ನ ಓದನ್ನು ನೀವು ಇನ್ನು ಯಾಕೆ ನಂಬಬೇಕು? ಅದಕ್ಕಾಗಿ ಎರಡು ಪ್ರತಿ ಮಾಡಿದ್ದೇನೆ. ಒಂದು ನನ್ನ ಕೈಯಲ್ಲಿರುತ್ತದೆ, ಇನ್ನೊಂದನ್ನು ಪುಷ್ಪಳಿಗೆ ಕೊಡುತ್ತೇನೆ. ನಾನು ಓದುವಾಗ ಅವಳು ಸಾಲಿನ ಮೇಲೆ ಬೆರಳಿಟ್ಟು ನೋಡುತ್ತ ಬರಲಿ. ಎಲ್ಲಿಯಾದರೂ ಒಂದು ಮಾತು ಹಾರಿಸಿದರೆ, ಒಂದು ಮಾತು ಸೇರಿಸಿದರೆ, ಅಲ್ಲಿಯೇ ನಿಲ್ಲಿಸಿ ನಿಮಗೆ ಹೇಳಲಿ.