ತೊಲೆಗೆ ತೂಗಿಬಿಟ್ಟ ಗಿಟಾರು

ಮೊನ್ನೆ ಮೊಮ್ಮಗಳು ಹೊಸ ಗಿಟಾರನ್ನು ಕರಿಯ ಚೀಲದಿಂದ ಹೊರಗೆ ತೆಗೆದಳು. ತೆಗೆದವಳೇ ನನ್ನ ತೊಡೆಯ ಮೇಲಿಟ್ಟು, ಮುಟ್ಟಿ ನೋಡು ಅಜ್ಜ ಎಂದಳು. ಮುಟ್ಟುವುದಕ್ಕೆ ಮೊದಲೇ ವಾಸನೆ ಬಂತು. ಮರದ್ದು, ಪಾಲಿಶ್ಶಿನದು, ಹೊಟ್ಟೆಯೊಳಗಿನ ಅಂಟಿನದು. ಎಂಬತ್ತು ದಾಟಿದ ಮೇಲೆ ನನ್ನ ಮೂಗು ಅಷ್ಟೇನೂ ಚುರುಕಾಗಿಲ್ಲ, ಹಾಲು ಸೀದರೂ ತಿಳಿಯುವುದಿಲ್ಲವೆಂದು ಸೊಸೆ ಆಡಿಕೊಳ್ಳುತ್ತಾಳೆ. ಆದರೆ ಈ ವಾಸನೆ ನೇರವಾಗಿ ಹೊನ್ನಾಳಿಯ ಒಂದು ಬೀದಿಗೆ ಕರೆದುಕೊಂಡು ಹೋಯಿತು. ಅಲ್ಲಿ ಇದರ ಜೊತೆ ಹತ್ತಿಯ ದೂಳಿನ ವಾಸನೆಯೂ ಬೆರೆತಿರುತ್ತಿತ್ತು...

ಎರಡನೇ ಮಹಾಯುದ್ಧ ಆಗತಾನೆ ಮುಗಿದಿತ್ತು. ನಾನು ಹೊನ್ನಾಳಿಯ ಮಿಡ್ಲ್ ಸ್ಕೂಲಿನಲ್ಲಿ ಹೊಸ ಮೇಷ್ಟ್ರು. ಮದುವೆಯಾಗಿರಲಿಲ್ಲ, ಹೇಳಿ ಕೇಳುವವರು ಯಾರೂ ಇರಲಿಲ್ಲ. ಶಿವಮೊಗ್ಗದಲ್ಲಿ ಪಾದ್ರಿಯೊಬ್ಬರು ತಮ್ಮ ದೇಶಕ್ಕೆ ಹೊರಟು ಮನೆಯ ಸಾಮಾನು ಮಾರುತ್ತಿದ್ದಾರೆಂದು ತಿಳಿದು, ಒಂದು ಒಳ್ಳೆಯ ಕುರ್ಚಿ ತರೋಣವೆಂದು ಹೋದೆ. ಕುರ್ಚಿ ಬಿಟ್ಟು ಗಿಟಾರು ತಂದೆ. ಮೂಲೆಯಲ್ಲಿ ಒರಗಿ ನಿಂತಿತ್ತು, ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದಿತ್ತು, ಅಂಥ ಚೆಂದದ ಮರಗೆಲಸವನ್ನು ನಾನು ಅದುವರೆಗೆ ಕಂಡಿರಲಿಲ್ಲ. ನೋಡಿದ ಮೇಲೆ ಕುರ್ಚಿ ಬೇಡವಾಯಿತು.

ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ನ್ಯಾಮತಿಯಲ್ಲಿ ಹತ್ತಿದ ಹೆಂಗಸೊಬ್ಬರು ಇದೆಂಥ ತಂಬೂರಿ, ಕುತ್ತಿಗೆ ಗಿಡ್ಡವಾಯಿತಲ್ಲ ಎಂದು ಮರುಕಪಟ್ಟರು. ಊರು ಸೇರಿ ಸಮಾಧಾನವಾಗಿ ನೋಡಿದರೆ ಬಿರಡೆ ಆರು, ತಂತಿ ಎರಡೇ! ಕೊಳ್ಳುವಾಗ ಎಣಿಸಬೇಕೆಂಬ ಬುದ್ಧಿಯೇ ನನಗೆ ಹೊಳೆದಿರಲಿಲ್ಲ.

ನನ್ನ ಬಾಡಿಗೆ ಕೋಣೆಯ ಗೋಡೆಗೆ ಅಂಟಿಕೊಂಡೇ ಚಾಚಾ ಅವರ ಮನೆ. ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವುದು ಅವರ ಕಸುಬು, ಬೀದಿಗೆಲ್ಲ ಅವರು ಹಿಂಜುವ ಚಾಚಾ. ತೊಲೆಯಿಂದ ಹಗ್ಗದಲ್ಲಿ ಇಳಿಬಿಟ್ಟ ಆಳುದ್ದದ ಬಿಲ್ಲು, ಅದಕ್ಕೆ ಕುರಿಯ ಕರುಳು ಹೊಸೆದು ಮಾಡಿದ ದಾರ. ಮರದ ಕೊಡತಿಯಿಂದ ಆ ದಾರವನ್ನು ಮೀಟಿದರೆ ಟಂಯ್ ಎಂದು ಹತ್ತಿ ಬಿಡಿಬಿಡಿಯಾಗಿ ಹಾರುತ್ತಿತ್ತು. ಬೆಳಗಿನಿಂದ ಅದೇ ಟಂಯ್... ದಾರ ಒಣಗಿದೆಯೋ ತೇವ ಹಿಡಿದಿದೆಯೋ ಎಂಬುದನ್ನು ಅವರು ಮುಟ್ಟದೆ ದನಿಯಿಂದಲೇ ಹೇಳುತ್ತಿದ್ದರು.

ಅವರ ಸ್ವಂತ ದನಿ ಮಾತ್ರ ಹೋಗಿಬಿಟ್ಟಿತ್ತು. ನಾನು ಆ ಊರಿಗೆ ಬರುವ ಮುಂಚೆ ಮೊಹರಂನಲ್ಲಿ ಪದ ಹೇಳಿದರೆ ಚಾಚಾ ಅವರೇ ಹೇಳಬೇಕು. ಎಲ್ಲ ಕೇರಿಯವರೂ ಕೈಗೆಲಸ ಬಿಟ್ಟು ಬಂದು ನಿಲ್ಲುತ್ತಿದ್ದರಂತೆ. ನಲವತ್ತು ವರ್ಷದ ಹತ್ತಿ ದೂಳು ಎದೆಯಲ್ಲಿ ಕೂತಿತ್ತು. ಒಂದು ಸಾಲು ಎತ್ತಿದರೆ ಕೆಮ್ಮು ಬಂದು ಎರಡಾಗಿ ಮಡಚಿ ಹಾಕುತ್ತಿತ್ತು, ಮಾತೇ ಪಿಸುಮಾತಾಗಿತ್ತು. ಹಾಡಿ ಎಂದು ಕೇಳುವುದನ್ನು ಜನ ಮರ್ಯಾದೆಗೆ ಬಿಟ್ಟಿದ್ದರು.

ಅದಕ್ಕೆ ಅವರು ಕೊರಗುತ್ತಿರಲಿಲ್ಲ. ಅವರ ಕೊರಗು ಬೇರೆಯೇ ಇತ್ತು. ಅವರ ಅಪ್ಪನಿಂದ ಬಂದ ಒಂದು ದೊಡ್ಡ ಪದವಿತ್ತು, ಕರ್ಬಲಾದ ಕಣದಲ್ಲಿ ತಾಯಿ ಮಗನನ್ನು ಹುಡುಕುವ ಪದ. ಅದು ಅವರೊಬ್ಬರಿಗೇ ಬರುತ್ತಿತ್ತು. ಅದರ ಮಾತುಗಳನ್ನು ನನ್ನ ಕೈಯಲ್ಲಿ ನೋಟ್‌ಬುಕ್ಕಿಗೆ ಬರೆಸಿದ್ದರು. ಬರೆದು ಮುಗಿದ ದಿನ ಪುಸ್ತಕ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಕೇಳಿದರು.

"ಪದ ಬರದ್ರಿ ಮೇಷ್ಟ್ರೇ, ಚಲೋ ಆತು. ಧಾಟಿ ಎಲ್ಲಿ ಬರೀತೀರಿ?"

ನಾನು ಪೆನ್ನಿನ ಮುಚ್ಚಳ ಹಾಕುವುದರಲ್ಲಿ ಮಗ್ನನಾದವನಂತೆ ನಟಿಸಿದೆ. ನನಗೆ ಸಂಗೀತದ ಗಂಧಗಾಳಿ ಇರಲಿಲ್ಲ.

ಇಲ್ಲದ ತಂತಿಗಳ ಬದಲಿಗೆ ಕರುಳಿನ ದಾರ ಕೇಳೋಣವೆಂದು ಗಿಟಾರನ್ನು ಅವರ ಮನೆಗೆ ಒಯ್ದೆ. ಚಾಚಾ ಕೊಡತಿ ಕೆಳಗಿಟ್ಟು, ಕೈಯನ್ನು ಲುಂಗಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು. ತಂತಿ ಮುಟ್ಟಲಿಲ್ಲ. ಬೆನ್ನಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ, ದುಂಡನೆಯ ಕಂಡಿಗೆ ಕಿವಿಯಿಟ್ಟು ಬಹಳ ಹೊತ್ತು ಕೂತರು. ಆಮೇಲೆ ತಲೆಯೆತ್ತಿ, "ಒಳಗೆ ಏನೂ ಇಲ್ರೀ. ಬರೀ ಗಾಳಿ ಐತೆ" ಎಂದರು. ಅಷ್ಟು ವಯಸ್ಸಾದವರ ಮುಖದಲ್ಲಿ ಅಂಥ ಬೆರಗನ್ನು ನಾನು ಮತ್ತೆ ಕಂಡಿಲ್ಲ.

ಸಣ್ಣ ಬಿಲ್ಲಿನ ತೆಳು ದಾರ ಬಿಚ್ಚಿ ಮೂರು ಕಟ್ಟಿದರು. ಆರನೆಯದಕ್ಕೆ ಹೊಂದುವ ದಾರ ಸಿಗಲಿಲ್ಲ. ಕೈಗೆ ಐದೇ ಬೆರಳಲ್ಲವೇ, ಐದು ಸಾಕೆಂದರು. ಇದನ್ನು ಮಡಿಲಲ್ಲಿ ಅಪ್ಪಿ ಹಿಡಿಯಬೇಕೆಂದು ನಾನು ಯಾವುದೋ ಚಿತ್ರದಲ್ಲಿ ನೋಡಿದ್ದನ್ನು ತೋರಿಸಿದರೆ ಒಪ್ಪಲೇ ಇಲ್ಲ. ಮೈಗೆ ಆನಿಸಿದರೆ ಮೈಯೇ ದನಿ ಕುಡಿಯುತ್ತದೆ ಎಂಬುದು ಅವರ ವಾದ. ಬಿಲ್ಲನ್ನು ಬಿಚ್ಚಿ ಗೋಡೆಗೆ ಒರಗಿಸಿ, ಅದೇ ಹಗ್ಗಕ್ಕೆ ಗಿಟಾರನ್ನು ಕುತ್ತಿಗೆಗೊಂದು ಸುತ್ತು, ಬುಡಕ್ಕೊಂದು ಸುತ್ತು ಹಾಕಿ, ಮುಖ ಮೇಲಾಗಿ ತೂಗಿಬಿಟ್ಟರು. ನನಗೆ ನಗು ತಡೆಯಲಾಗಲಿಲ್ಲ.

ಚಾಚಾ ಒಂದು ತಂತಿ ಮೀಟಿದರು, ನನ್ನ ನಗು ನಿಂತಿತು. ಅದು ಇಡೀ ಕೋಣೆಯೇ ಬಾಯಿ ಬಿಟ್ಟಂಥ ದನಿ. ಯಾರ ಮೈಯೂ ತಾಗದೆ ಗಾಳಿಯಲ್ಲಿ ನಿಂತ ಮರ, ನಿಲ್ಲಿಸುವವರಿಲ್ಲದೆ ಮೊಳಗುತ್ತಲೇ ಇತ್ತು. ಅದರ ಮುಖದ ಮೇಲೆ ಬಿದ್ದಿದ್ದ ಹತ್ತಿಯ ಎಳೆಗಳು ನಡುಗುತ್ತ ಕಂಡಿಯ ಕಡೆಗೆ ಸರಿದವು. ಅವರು ಎಡಗೈ ಬೆರಳಿನಿಂದ, ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ್ದ ಒಂದು ಕಂಬಿಯ ಹಿಂದೆ ದಾರ ಒತ್ತಿ ಮೀಟಿದರು. ಬೇರೆ ದನಿ. ಮುಂದಿನ ಕಂಬಿ, ಇನ್ನೊಂದು ದನಿ. ನಲವತ್ತು ವರ್ಷ ಬಿಲ್ಲಿನಿಂದ ಒಂದೇ ದನಿ ಕೇಳಿದ್ದ ಮನುಷ್ಯ... ಹತ್ತು ಹನ್ನೆರಡು ಕಂಬಿ ಏರಿ ತಿರುಗಿ ಇಳಿದು ಬರುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು.

ಧಾಟಿ ಹುಡುಕುವುದು ಮಾರನೆಯ ದಿನದಿಂದಲೇ ಶುರುವಾಯಿತು. ಶಾಲೆ ಬಿಟ್ಟ ಮೇಲೆ ನಾನು ನೋಟ್‌ಬುಕ್ಕು ಹಿಡಿದು ಒಂದೊಂದೇ ಮಾತು ಓದಬೇಕು, ಅವರು ಕಂಬಿಗಳ ಮೇಲೆ ಆ ಮಾತಿನ ಜಾಗ ಹುಡುಕಬೇಕು. ತಪ್ಪಿದರೆ ತಲೆಯಾಡಿಸುತ್ತಿದ್ದರು, ಸಿಕ್ಕರೆ ಕಣ್ಣು ಮುಚ್ಚುತ್ತಿದ್ದರು. ಮೊದಲ ಸಾಲಿಗೆ ಮೂರು ದಿನ ಹಿಡಿಯಿತು. ಹಲಗೆ ಬಡಿಯುವ ಬೀದಿಯ ಪಡ್ಡೆಗಳು ತಮಾಷೆ ನೋಡಲು ಬಂದವರು, ಸಾಲು ಸಾಲಾಗಿ ಧಾಟಿ ಹೊರಬರುವುದನ್ನು ಕೇಳಿ ತೆಪ್ಪಗೆ ಕೂರತೊಡಗಿದರು. ಗಿಟಾರು ನುಡಿದಂತೆ ಅವರು ಹೇಳುವುದು, ಸರಿಯೋ ತಪ್ಪೋ ಎಂದು ಚಾಚಾ ಅವರ ಕಣ್ಣು ನೋಡುವುದು. ಹುಡುಗರ ಪಾಲಿಗೆ ಕಲಿಸುವ ಗಂಟಲು ಗಿಟಾರೊಂದೇ.

ಪದ ಅರ್ಧಕ್ಕೆ ಬಂದಿತ್ತು, ನನಗೆ ಜಗಳೂರಿಗೆ ವರ್ಗವಾಯಿತು. ಸುಳ್ಳು ಹೇಳಬಾರದು, ಗಿಟಾರು ಬಿಟ್ಟು ಹೋಗಲು ನನಗೆ ಸುತರಾಂ ಮನಸ್ಸಿರಲಿಲ್ಲ. ಇಷ್ಟಪಟ್ಟು ತಂದದ್ದು, ನಾನಿನ್ನೂ ಒಂದು ದಿನವೂ ನೆಟ್ಟಗೆ ನುಡಿಸಿರಲಿಲ್ಲ. ಹೊರಡುವ ಬೆಳಿಗ್ಗೆ ಚಾಚಾ ಅದನ್ನು ಹಗ್ಗದಿಂದ ಇಳಿಸಿ, ಒರೆಸಿ, ಹೊಸ ಬಟ್ಟೆಯಲ್ಲಿ ಸುತ್ತಿ ಬಸ್ ಸ್ಟ್ಯಾಂಡಿಗೆ ತಂದರು. ನನ್ನ ಹತ್ತಿರವೇ ಇರಲಿ ಎಂದು ಒಂದು ಮಾತೂ ಕೇಳಲಿಲ್ಲ. ಕೊಡುವಾಗ ಅವರ ಎಡಗೈ ಬೆರಳ ತುದಿಗಳು ಕಂಡವು. ದಾರ ಒತ್ತಿ ಒತ್ತಿ ಅಲ್ಲಿ ಗೀರು ಬಿದ್ದು ಒಣಗಿತ್ತು.

"ಬಸ್ಸಿನ್ಯಾಗೆ ಜಾಗ ಇಲ್ಲ ಚಾಚಾ. ನಿಮ್ಮತ್ರನೇ ಇರ್ಲಿ" ಎಂದೆ.

ಬಸ್ಸು ಕಣ್ಣೆದುರೇ ಅರ್ಧ ಖಾಲಿ ನಿಂತಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ.

ಮೊಹರಂ ಇನ್ನೂ ಒಂದು ತಿಂಗಳಿರುವಾಗ ಚಾಚಾ ತೀರಿಕೊಂಡ ಸುದ್ದಿ ಜಗಳೂರಿಗೆ ಬಂತು. ಪದ ಪೂರ್ತಿಯಾಯಿತೋ ಇಲ್ಲವೋ ಎಂದು ಕೇಳಲು ಧೈರ್ಯವಾಗದೆ, ಕೊನೆಗೆ ಮೊಹರಂ ದಿನಕ್ಕೆ ರಜೆ ಹಾಕಿ ಹೊನ್ನಾಳಿಗೆ ಹೋದೆ. ಆ ಬೆಳಿಗ್ಗೆ ಅದೇ ಹುಡುಗರು ಹಲಗೆ ನಿಲ್ಲಿಸಿ, ಸಾಲಾಗಿ ನಿಂತು ಪದ ಎತ್ತಿದರು. ಎಲ್ಲ ಸಾಲೂ ಬಂತು. ನಡುವೆ ತಾಯಿ ಮಗನ ಹೆಸರು ಹಿಡಿದು ಕೂಗುವ ಕಡೆ ಎಲ್ಲರೂ ಒಟ್ಟಿಗೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಾದರು. ಆಮೇಲೆ ಮುಂದಿನ ಮಾತು ಹಿಡಿದರು. ಆ ಒಂದು ಉಸಿರಿನಲ್ಲಿ, ಮಗ ಓಗೊಡುತ್ತಾನೇನೋ ಎಂದು ಬೀದಿಗೆ ಬೀದಿಯೇ ಕಾದಂತಾಯಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಅಪ್ಪನ ಕಾಲದ ಧಾಟಿಯಲ್ಲಿ ಆ ನಿಲುಗಡೆ ಇರಲಿಲ್ಲವೆಂದು ಚಾಚಾ ಅವರೇ ನನಗೆ ಹೇಳಿದ್ದರು. ಆ ಜಾಗದಲ್ಲಿ ದಪ್ಪ ತಂತಿ ಬಿಟ್ಟು ತುದಿಯ ಸಣ್ಣ ತಂತಿಗೆ ಹಾರಬೇಕು. ಹಾರಿದರೆ ತೂಗುಹಾಕಿದ ಗಿಟಾರು ಜೋಲಿ ಹೊಡೆದು ದೂರ ಹೋಗುತ್ತಿತ್ತು. ಅದು ತಿರುಗಿ ಕೈಗೆ ಬರುವವರೆಗೆ ಚಾಚಾ ಬೆರಳೆತ್ತಿ ಕಾಯುತ್ತಿದ್ದರು. ಹುಡುಗರು ಅದನ್ನೂ ಕಲಿತಿದ್ದರು. ನಾನು ತಿದ್ದಲಿಲ್ಲ. ತಿದ್ದುವ ಯೋಗ್ಯತೆ ನನಗೆಲ್ಲಿತ್ತು, ನಾನು ಅಳುತ್ತಿದ್ದೆ.

ಗಿಟಾರನ್ನು ಆ ಹುಡುಗರಿಗೇ ಬಿಟ್ಟೆ. ಆಮೇಲೆ ಊರೂರು ವರ್ಗ, ಮದುವೆ, ಮಕ್ಕಳು... ಹೊನ್ನಾಳಿಯ ಕಡೆ ಹೋದದ್ದೇ ಕಡಿಮೆ. ಆ ಪದ ಈಗಲೂ ಹಾಡುತ್ತಾರೋ ಏನೋ ತಿಳಿಯದು, ವಿಚಾರಿಸೋಣವೆಂದರೆ ಗುರುತಿನವರು ಉಳಿದಿಲ್ಲ.

ಇಷ್ಟನ್ನೆಲ್ಲ ಕೇಳಿ ಮೊಮ್ಮಗಳು, ಅವರ ದನಿ ಹೇಗಿತ್ತು ಅಜ್ಜ ಎಂದಳು. ಹೇಳಲು ಬಾಯಿ ತೆರೆದೆ... ಧಾಟಿ ನನಗೆ ಇಂದಿಗೂ ಬಾಯಿಪಾಠ. ಆದರೆ ಚಾಚಾ ಹಾಡಿದ್ದನ್ನು ನಾನು ಒಂದು ಸಾರಿಯೂ ಕೇಳಿಲ್ಲ. ಕೇಳಿದವರು ಈಗ ಯಾರೂ ಇಲ್ಲ.