ರಾಹೇಲಮ್ಮ ಊರಿಗೆ ಬರೆದ ವರದಿ

ಮೂಲ್ಕಿಯ ಕ್ರೈಸ್ತ ಸಭೆಯವರು ರಾಹೇಲಳನ್ನು ಸೇವೆಗೆಂದು ಮೈಸೂರಿಗೆ ಕಳುಹಿಸಿದಾಗ ಅವಳಿಗೆ ಇಪ್ಪತ್ತೆರಡು ವರ್ಷ. ೧೯೫೩ನೇ ಇಸವಿ. ಹಾರ ಹಾಕಿ, ಪ್ರಾರ್ಥನೆ ಮಾಡಿ, ಊರಿಗೆ ಊರೇ ಬಸ್ಸಿನ ತನಕ ಬಂದು ಬೀಳ್ಕೊಟ್ಟಿತು. ಇಷ್ಟು ಸಂಭ್ರಮ ಮಾಡಿಸಿಕೊಂಡು ಹೊರಟವರಿಗೆ ಒಂದು ಪೀಕಲಾಟ ಇದ್ದೇ ಇರುತ್ತದೆ. ಹೋದ ಕಡೆ ಏನಾದರೂ ಸಾಧಿಸಿ ತೋರಿಸಬೇಕು.

ಅವಳಿಗೆ ಸಿಕ್ಕಿದ ಕೆಲಸವೋ, ಸಾಧನೆ ಅನ್ನಿಸಿಕೊಳ್ಳುವಂಥದ್ದಲ್ಲ. ಯಾದವಗಿರಿಯಲ್ಲಿ ಒಂದು ಬಂಗಲೆಯ ಹಿಂದಿನ ಕೋಣೆಯಲ್ಲಿ ವಾಸ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಕೊಡೆ ಹಿಡಿದು ಒಂಟಿಕೊಪ್ಪಲಿಗೆ ನಡೆಯುವುದು. ಅಲ್ಲಿಯ ಹೆಂಗಸರಿಗೆ ಹೊಲಿಗೆ, ಅಕ್ಷರ ಕಲಿಸುವುದು, ಸಮಯ ನೋಡಿ ಸುವಾರ್ತೆ ಹೇಳುವುದು. ಹೊಲಿಗೆಗೆ ಎಂಟು ಜನ ಬರುತ್ತಿದ್ದರು. ಸುವಾರ್ತೆ ಶುರುವಾಗುತ್ತಲೇ ಏಳು ಜನಕ್ಕೆ ಒಲೆಯ ಮೇಲಿಟ್ಟ ಸಾರು ನೆನಪಾಗುತ್ತಿತ್ತು.

ಕೊನೆತನಕ ಕೂರುತ್ತಿದ್ದವಳು, ಪಾಠ ನಡೆಯುತ್ತಿದ್ದ ಮನೆಯ ಶಿವನಂಜಮ್ಮ ಒಬ್ಬಳೇ. ಜಟಕಾ ಓಡಿಸುವ ಚಿಕ್ಕಣ್ಣನ ಹೆಂಡತಿ, ನಲವತ್ತು ದಾಟಿದವಳು, ಮಕ್ಕಳಿರಲಿಲ್ಲ. ಯೇಸುವಿನ ಕಥೆಯನ್ನು ಪೂರ್ತಿ ಕೇಳಿ, "ಪಾಪ, ಒಳ್ಳೇ ಮನ್ಸ" ಎಂದು ನಿಟ್ಟುಸಿರು ಬಿಟ್ಟು, ಎದ್ದು ನಂಜುಂಡೇಶ್ವರನ ಪಟಕ್ಕೆ ದೀಪ ಹಚ್ಚುತ್ತಿದ್ದಳು.

ಆ ಮಳೆಗಾಲದಲ್ಲಿ ರಾಹೇಲ ವಿಷಮಶೀತ ಜ್ವರದಿಂದ ಮಲಗಿಬಿಟ್ಟಳು. ಚಿಕ್ಕಣ್ಣ ಅವಳನ್ನು ಜಟಕಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದ. ಅಲ್ಲಿಂದ ಬಿಟ್ಟ ಮೇಲೆ ಶಿವನಂಜಮ್ಮ ಅವಳನ್ನು ತನ್ನ ಮನೆಯಲ್ಲೇ ಹನ್ನೆರಡು ದಿನ ಇಟ್ಟುಕೊಂಡಳು. ಹೊತ್ತು ಹೊತ್ತಿಗೆ ನುಚ್ಚಿನ ಗಂಜಿ ಕುಡಿಸಿದಳು, ಮೈ ಒರೆಸಿದಳು, ನಿದ್ದೆಯಲ್ಲಿದ್ದಾಗ ಹಣೆಗೆ ವಿಭೂತಿಯನ್ನೂ ಇಟ್ಟಳು.

ಎದ್ದು ಓಡಾಡುವ ಹೊತ್ತಿಗೆ ಊರಿನಿಂದ ಕಾಗದ ಬಂದಿತ್ತು. ಸಭೆಯ ಮಾಸಪತ್ರಿಕೆಗೆ ನಿನ್ನ ವರದಿ ಇನ್ನೂ ಬಂದಿಲ್ಲವಲ್ಲ, ಏಕೆ? ಅವಳ ಜೊತೆಯವರು ಬೇರೆ ಬೇರೆ ಊರುಗಳಿಂದ ಪುಟಗಟ್ಟಲೆ ಬರೆಯುತ್ತಿದ್ದರು. ಇವಳು ಏನು ಬರೆಯಬೇಕು? ಜ್ವರ ಬಂತು, ಸುವಾರ್ತೆ ಹೇಳಲು ಹೋದ ಮನೆಯವರೇ ನೋಡಿಕೊಂಡರು ಎಂದು ಬರೆದರೆ ಹಾರ ಹಾಕಿದವರು ಏನೆಂದುಕೊಂಡಾರು?

ಬರೆದಳು. "ಒಂಟಿಕೊಪ್ಪಲಿನ ಶಿವನಂಜಮ್ಮನೆಂಬ ಸ್ತ್ರೀಯು ಅಂಧಕಾರದಲ್ಲಿ ಬಿದ್ದಿದ್ದಳು. ಕುಡುಕ ಗಂಡನು ಆಕೆಯನ್ನು ದಿನವೂ ಹೊಡೆಯುತ್ತಿದ್ದನು. ಆಕೆಯು ಜ್ವರದಿಂದ ನರಳುವಾಗ ನಾನು ಹನ್ನೆರಡು ದಿನ ಪಕ್ಕದಲ್ಲಿದ್ದು ಕೈಯಾರೆ ಗಂಜಿ ಕುಡಿಸಿದೆನು. ಈಗ ಆಕೆ ಕಣ್ಣೀರಿಡುತ್ತಾ ಕರ್ತನನ್ನು ಹುಡುಕುತ್ತಿದ್ದಾಳೆ."

ಒಂದೇ ಒಂದು ಚಿತ್ತುಕಾಟು ಇಲ್ಲದೆ ಬರೆದುಬಿಟ್ಟಳು. ನಿಜ ಬರೆಯುವಾಗ ತಡವರಿಸುವ ಕೈ ಇದಕ್ಕೆ ಹೇಗೆ ಓಡಿತೋ! ಅಂಚೆಗೆ ಹಾಕಿದ ಮೇಲೆ ಬಂದ ಪ್ರತಿ ಸಂಚಿಕೆಯನ್ನೂ ಮೊದಲು ಅದಕ್ಕಾಗಿಯೇ ತಿರುವಿಹಾಕಿದಳು. ಆದರೆ ತಿಂಗಳ ಮೇಲೆ ತಿಂಗಳು ಕಳೆದರೂ ವರದಿ ಅಚ್ಚಾಗಲಿಲ್ಲ. ಎಲ್ಲೋ ಬುಟ್ಟಿಗೆ ಬಿದ್ದಿರಬೇಕು ಎಂದುಕೊಂಡು ಮರೆತಳು.

ಅಷ್ಟರಲ್ಲಿ ಶಿವನಂಜಮ್ಮ ಓದಲು ಕಲಿತಿದ್ದಳು. ಪತ್ರಿಕೆಯಲ್ಲಿ ಮಕ್ಕಳಿಗಾಗಿ ದಪ್ಪಕ್ಷರದ ಪುಟವೊಂದಿರುತ್ತಿತ್ತು. ಅದು ಅವಳಿಗೆ ಇಷ್ಟ. ಹಾಗಾಗಿ ರಾಹೇಲ ತಾನು ಓದಿದ ಪತ್ರಿಕೆಗಳನ್ನು ಅವಳಿಗೆ ಕೊಡುತ್ತಿದ್ದಳು. ಜನವರಿಯದು ಬಂದ ದಿನ ಏನೋ ಅವಸರ. ಅಂಚೆಯ ಸುತ್ತುಕಾಗದವನ್ನೂ ಬಿಚ್ಚದೆ ಹಾಗೇ ಕೊಟ್ಟುಬಿಟ್ಟಳು.

ಮಾರನೆಯ ವಾರ ಹೋದಾಗ ಶಿವನಂಜಮ್ಮ ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು.

"ಬನ್ನಿ ಟೀಚರಮ್ಮ, ಕೂತ್ಕಳಿ. ನನ್ನೆಸ್ರು ಅಚ್ಚಾಗದೆ. ಓದ್ತೀನಿ, ತಪ್ಪಿದ್ರೆ ಯೋಳಿ."

ಅಕ್ಷರಕ್ಕೊಂದು ಸಲ ಬೆರಳಿಟ್ಟು, ಕೂಡಿಸಿ ಕೂಡಿಸಿ, ಅವಳು ಎಲ್ಲವನ್ನೂ ಓದಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ಕಲಿಸಿದವಳು ಎದುರಿಗೆ ಕೂತು ಬೆವರುತ್ತಿದ್ದಳು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಗಂಜಿ ಕುಡಿಸಿದ್ದು ನಾನಲ್ವಾ?" ಎಂದಳು ಶಿವನಂಜಮ್ಮ. "ಅಚ್ಚಾಕೋರು ಎಡವಟ್ಟು ಮಾಡವ್ರೆ ಅನ್ಸ್ತದೆ."

"ಹೌದು," ಎಂದಳು ರಾಹೇಲ. "ಅಚ್ಚಿನವರ ತಪ್ಪು."

ಅದೂ ಸುಳ್ಳೇ. ಎಷ್ಟು ಬೇಗ ಬಾಯಿಗೆ ಬಂತು ಎಂದು ಅವಳಿಗೇ ಹೇಸಿಗೆಯಾಯಿತು.

"ಅಂಗಾದ್ರೆ ನಾನೇ ಒಂದು ಕಾಗ್ದ ಬರೀತೀನಿ. ಕೊಡಿ ಪೆನ್ನು."

ಅದುವರೆಗೆ ಸ್ಲೇಟಿನ ಮೇಲಷ್ಟೇ ಬರೆದಿದ್ದವಳು ಕಾಗದ ಹರಿಯುವಷ್ಟು ಒತ್ತಿ ಬರೆದಳು: "ಜರ ಬಂದಿದ್ದು ಟೀಚರಮ್ಮಂಗೆ. ಗಂಜಿ ಕುಡಿಸಿದ್ದು ನಾನು. ನಮ್ಮ ಯಜಮಾನ್ರು ಕುಡಿಯಲ್ಲ ಹೊಡಿಯಲ್ಲ. ಶಿವನಂಜಮ್ಮ." ಬರೆದು, ತಿದ್ದಿಕೊಡಿ ಎಂದು ಮುಂದೆ ಚಾಚಿದಳು.

ರಾಹೇಲಳಿಗೆ ಪೆನ್ನು ಹಿಡಿಯಲಾಗಲಿಲ್ಲ. "ಅಚ್ಚಿನವರಲ್ಲ," ಎಂದಳು. "ನಾನೇ ಹಾಗೆ ಬರೆದದ್ದು."

"ಗೊತ್ತು ಕಣಮ್ಮ. ಅಚ್ಚಿನೋರಿಗೆ ನನ್ನೆಸ್ರು ಯಾರು ಯೋಳ್ಬೇಕು?"

"ಊರಿನವರಿಗೆ ಏನಾದರೂ ಬರೆಯಬೇಕಿತ್ತು. ನನ್ನ ಹತ್ತಿರ ಏನೂ ಇರಲಿಲ್ಲ."

"ನನ್ನ ಮೇಲೆ ಏನಾದ್ರೂ ಬರ್ಕಳಿ. ಅವ್ರನ್ನ ಯಾಕೆ ಎಳ್ದ್ರಿ? ಜಟಕಾದಲ್ಲಿ ನೀವು ವಾಂತಿ ಮಾಡ್ಕಂಡಾಗ ತೊಳ್ದೋರು ಅವ್ರು." ಅವಳು ಕಾಗದವನ್ನು ರಾಹೇಲಳ ಕೈಗೆ ತುರುಕಿದಳು. "ಈ ಕಾಗ್ದ ಅಚ್ಚಾಗ್ಲಿ. ಅಲ್ಲೀಗಂಟ ನಮ್ಮನೆ ಕಡೆ ಬರ್ಬೇಡಿ."

ಕಾಗದ ಮೂರು ದಿನ ರಾಹೇಲಳ ಬೈಬಲ್ಲಿನೊಳಗೆ ಇತ್ತು. ಅದನ್ನು ಅಂಚೆಗೆ ಹಾಕಿದರೆ ಮೂಲ್ಕಿಯಲ್ಲಿ ಮುಖವಿಲ್ಲ. ಹಾಕದಿದ್ದರೆ ಇಡೀ ಮೈಸೂರಿನಲ್ಲಿ ಅವಳನ್ನು ಕೂತ್ಕಳಿ ಎನ್ನುವ ಒಂದು ಮನೆಯೂ ಇಲ್ಲ. ನಾಲ್ಕನೆಯ ದಿನ ಕೆಳಗೆ ಎರಡು ಸಾಲು ಸೇರಿಸಿದಳು: "ಇವರು ಬರೆದದ್ದೇ ನಿಜ, ನಾನು ಬರೆದದ್ದು ಸುಳ್ಳು. ಇವರ ಕಾಗದವನ್ನೂ ನನ್ನ ಈ ಮಾತನ್ನೂ ಹೆಸರು ಸಹಿತ ಅಚ್ಚುಮಾಡಿ. ರಾಹೇಲ." ಕೈ ಹಿಂದೆ ಸರಿಯುವ ಮೊದಲೇ ಪೆಟ್ಟಿಗೆಗೆ ಹಾಕಿದಳು.

ಏಪ್ರಿಲ್ ಸಂಚಿಕೆಯ ಕೊನೆಯ ಪುಟದಲ್ಲಿ ಅದು ಬಂತು. ಹಿಂದೆಯೇ ತಾಯಿಯ ಕಾರ್ಡೂ ಬಂತು. "ಆದಿತ್ಯವಾರ ನಾನು ಚರ್ಚಿಗೆ ಹೋಗಲಿಲ್ಲ," ಎಂದಷ್ಟೇ ಇತ್ತು.

ಪತ್ರಿಕೆ ಹಿಡಿದು ರಾಹೇಲ ಒಂಟಿಕೊಪ್ಪಲಿಗೆ ಹೋದಳು. ಚಿಕ್ಕಣ್ಣ ಬಾಗಿಲ ಮುಂದೆ ಕುದುರೆಗೆ ಹುರುಳಿ ಇಡುತ್ತಿದ್ದ. "ಏನ್ ತಾಯಿ, ಮೂರು ತಿಂಗ್ಳಾಯ್ತು ಈ ಕಡೆ ಬಂದು! ನಮ್ಮ ಮ್ಯಾಲೆ ಏನಾದ್ರೂ ಬೇಜಾರಾ?" ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಅಕ್ಷರ ಬಾರದ ಗಂಡನಿಗೆ ಹೆಂಡತಿ ಇಷ್ಟು ದಿನವೂ ವಿಷಯ ಹೇಳಿಯೇ ಇರಲಿಲ್ಲ.

ಶಿವನಂಜಮ್ಮ ಹೊರಬಂದು ಪತ್ರಿಕೆ ತೆಗೆದುಕೊಂಡಳು. ಮನಸ್ಸಿನಲ್ಲೇ ಪೂರ್ತಿ ಓದಿಕೊಂಡಳು. ಆಮೇಲೆ, "ಬನ್ನಿ ಇಲ್ಲಿ, ನನ್ನ ಕಾಗ್ದ ಅಚ್ಚಾಗದೆ," ಎಂದು ಗಂಡನನ್ನು ಕರೆದು ಗಟ್ಟಿಯಾಗಿ ಓದತೊಡಗಿದಳು. ಜ್ವರದ ಸಾಲು ಓದಿದಳು, ಗಂಜಿಯ ಸಾಲು ಓದಿದಳು. ಬೆರಳು ಯಜಮಾನರ ಸಾಲಿಗೆ ಬಂದು ನಿಂತಿತು. ಅದನ್ನು ದಾಟಿ ನೇರವಾಗಿ ತನ್ನ ಹೆಸರಿಗೆ ಹೋಯಿತು. ಕೆಳಗಿದ್ದ ರಾಹೇಲಳ ಎರಡು ಸಾಲುಗಳನ್ನೂ ಅವಳು ಓದಲಿಲ್ಲ. ಪತ್ರಿಕೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಚಿಕ್ಕಣ್ಣ ಗಟ್ಟಿಯಾಗಿ ನಕ್ಕ. "ಗಂಜಿ ಕುಡಿಸಿದ್ದನ್ನೂ ಅಚ್ಚಾಕ್ತಾರಾ! ಇದನ್ನೆಲ್ಲ ದೊಡ್ಡದು ಮಾಡಿ ಊರಿಗೆ ಬರ್ಸಿದ್ದೀರಲ್ಲ ತಾಯಿ, ಎಂಥಾ ಮನಸ್ಸು ನಿಮ್ದು! ಕೂತ್ಕಳಿ ಕೂತ್ಕಳಿ," ಎಂದು ಹೆಗಲ ಮೇಲಿನ ಟವೆಲಿನಿಂದ ಜಗಲಿ ಒರೆಸಿದ.

ರಾಹೇಲಳಿಗೆ ಕೂರಲಾಗಲಿಲ್ಲ.